ಐಸಿನ ಪೆಟ್ಟಿಗೆಯ ಕೆಂಪು ದೀಪ

ಗಲ್ಫಿನಿಂದ ಬಂದ ಯಾವ ವಸ್ತುವೂ ನಮ್ಮ ಮನೆಯಲ್ಲಿ ನೆಟ್ಟಗೆ ಬಾಳಿದ್ದಿಲ್ಲ. ನನ್ನ ಗಂಡನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅರ್ಧ ಆಯುಷ್ಯವನ್ನು ಶಾರ್ಜಾದ ಟೆರೇಸುಗಳ ಮೇಲೆ ಎ.ಸಿ. ರಿಪೇರಿ ಮಾಡುತ್ತ, ಫ್ರಿಜ್ಜುಗಳಿಗೆ ಗ್ಯಾಸು ತುಂಬುತ್ತ ಕಳೆದ ಹನೀಫಾ, ಕಂಡವರ ಮನೆಗೆಲ್ಲ ತಂಪು ಹಂಚಿ, ಕೊನೆಗೆ ಎರಡೂ ಕಿಡ್ನಿ ಕೆಡಿಸಿಕೊಂಡು ಮೆಲ್ಕಾರಿನ ಮನೆಗೆ ಬಂದರು. ಅಲ್ಲಿ ಸುಡುಬಿಸಿಲಲ್ಲಿ ಕೆಲಸ, ನೀರು ಕುಡಿಯಲು ಕೆಳಗಿಳಿದು ಬರುವಷ್ಟು ಪುರುಸೊತ್ತಿಲ್ಲ, ತಲೆನೋವಿಗೆ ದಿನವೂ ಮಾತ್ರೆ. ಕುಡಿಯಬೇಕಾದಾಗ ಕುಡಿಯಲಿಲ್ಲ, ಈಗ ಕುಡಿಯಬಾರದು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ವಾರಕ್ಕೆರಡು ಸಲ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಬಿ.ಸಿ.ರೋಡಿನ ಡಯಾಲಿಸಿಸ್ ಕೇಂದ್ರಕ್ಕೆ ಹೋಗುತ್ತೇನೆ. ಮೂತ್ರ ಬಹುತೇಕ ನಿಂತೇ ಹೋಗಿರುವುದರಿಂದ ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತದೆ; ಅದನ್ನು ಅಲ್ಲಿಯ ಯಂತ್ರವೇ ಹೊರಗೆ ತೆಗೆಯಬೇಕು. ಆದ್ದರಿಂದ ಇಡೀ ದಿನಕ್ಕೆ ಅವರಿಗೆ ಒಂದು ಸಣ್ಣ ಬಾಟಲಿ ನೀರು. ಚಹಾ, ಗಂಜಿಯ ತಿಳಿ, ಮಾತ್ರೆ ನುಂಗುವ ಗುಟುಕು, ಎಲ್ಲವೂ ಆ ಬಾಟಲಿಯ ಲೆಕ್ಕದಲ್ಲೇ. ಬೆಳಿಗ್ಗೆ ತುಂಬಿಸಿ ನನ್ನ ಕಣ್ಣೆದುರಿಗೇ ಇಟ್ಟುಕೊಳ್ಳುತ್ತೇನೆ. ಗಂಡ ಕುಡಿಯುವ ನೀರನ್ನು ಅಳೆಯುವ ಹೆಂಡತಿಗೆ ನಾಳೆ ಪರಲೋಕದಲ್ಲಿ ಯಾವ ಜಾಗವೋ, ಅಲ್ಲಾಹನೇ ಬಲ್ಲ.

ಐಸಿನ ಯಂತ್ರ ಬಂದದ್ದೂ ಇದೇ ಕಾರಣಕ್ಕೆ. ಗುಟುಕು ನೀರು ನಾಲಿಗೆ ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ಒಂದು ತುಂಡು ಐಸಾದರೆ ಬಾಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ ಎಂದು ಡಯಾಲಿಸಿಸ್ ಕೇಂದ್ರದ ಸಿಸ್ಟರ್ ಮೋಕ್ಷಿತಾ ಹೇಳಿಕೊಟ್ಟಿದ್ದಳು. ಫ್ರಿಜ್ಜಿನ ಐಸಿಗೆ ಬಂಗುಡೆ ಮೀನಿನ ವಾಸನೆ ಎಂದು ಇವರು ಮುಖ ಕಿವುಚಿದರು. ಮಗಳು ಸಜ್ನಾ ತನ್ನ ಗಂಡನ ಕಿವಿಗೆ ಹಾಕಿರಬೇಕು. ಅಳಿಯ ಅನ್ಸಾಫ್ ದುಬೈಯಿಂದ ರಜೆಗೆ ಬರುವಾಗ ಅಕ್ಕಿ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಹೊತ್ತು ತಂದ. ಅದರ ಕೆಳಗಿನ ತೊಟ್ಟಿಗೆ ನೀರು ಹಾಕಿ ಸ್ವಿಚ್ ಒತ್ತಿದರೆ ಸಾಕು, ಒಳಗಿನ ಲೋಹದ ಬೆರಳುಗಳ ಸುತ್ತ ನೀರು ಹೆಪ್ಪುಗಟ್ಟಿ ತುಂಡು ತುಂಡಾಗಿ ಬುಟ್ಟಿಗೆ ಉದುರುತ್ತದೆ. ಬುಟ್ಟಿಯಲ್ಲಿ ಕರಗಿದ್ದು ಮತ್ತೆ ತೊಟ್ಟಿಗೇ ಇಳಿಯುವುದರಿಂದ ತೊಟ್ಟಿಯ ನೀರು ಯಾವಾಗಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಕೊಟ್ಟ ಐಸಿಗೆ ತಕ್ಕಷ್ಟು ನೀರನ್ನು ನಾನು ಬಾಟಲಿಯಿಂದ ಚೆಲ್ಲಿಬಿಡುತ್ತೇನೆ. ಅದನ್ನು ನೋಡುವಾಗ ಅವರು ಮುಖ ತಿರುಗಿಸಿಕೊಳ್ಳುತ್ತಾರೆ.

ಈ ಸಲ ನೋಂಬು, ಅಂದರೆ ಉಪವಾಸದ ತಿಂಗಳು, ಬಂದದ್ದು ಮಾರ್ಚಿನ ಸೆಕೆಗೆ. ಕಾಯಿಲೆಯವರಿಗೆ ಉಪವಾಸ ಕಡ್ಡಾಯವಲ್ಲ, ಹಾಗಾಗಿ ಇವರಿಗಿಲ್ಲ, ನನಗುಂಟು. ಬೆಳಗಾಗುವ ಮೊದಲೇ ಎದ್ದು ಸಹರಿ ಊಟ ಮಾಡಿದ ಮೇಲೆ ಮಸೀದಿಯಿಂದ ಸಂಜೆಯ ಬಾಂಗ್ ಕೇಳುವವರೆಗೆ ಹನಿ ನೀರು ಮುಟ್ಟುವಂತಿಲ್ಲ. ಮನೆಯಲ್ಲಿ ಇಬ್ಬರೇ, ಇಬ್ಬರಿಗೂ ಬಾಯಾರಿಕೆ. ಮಧ್ಯಾಹ್ನದ ನಮಾಜು ಮುಗಿಸಿ ನಾನು ಸ್ವಲ್ಪ ಹೊತ್ತು ಮಲಗುತ್ತಿದ್ದೆ. ಅಷ್ಟಾದರೂ ನಿದ್ದೆ ಇಲ್ಲದಿದ್ದರೆ ನನ್ನಿಂದ ದಿನ ತಳ್ಳಲಿಕ್ಕಾಗದು.

ಸೋಮವಾರ ಇವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ ಮೋಕ್ಷಿತಾ ನನ್ನನ್ನು ಬಾಗಿಲಿನಾಚೆ ಕರೆದಳು. ನೆರಿಯದ ಕಡೆಯ ಹುಡುಗಿ. ಮಾತು ಮೆತ್ತಗೆ, ಆದರೆ ಮುಲಾಜಿಲ್ಲ.

"ಸಬೀಹಾಕ್ಕ, ನೀವು ಪಾಪ ಅಂತ ನೀರು ಕೊಡ್ತಾ ಇದ್ದೀರಾ?"

"ಇಲ್ಲ ಸಿಸ್ಟರ್. ಬಾಟಲಿ ಬಿಟ್ರೆ ಒಂದು ಹನಿ ಇಲ್ಲ."

"ಮತ್ತೆ ಮೈಯಲ್ಲಿ ಇಷ್ಟು ನೀರು ಎಲ್ಲಿಂದ ಬಂತು, ಗಾಳಿಯಿಂದ ಬರ್ತದಾ? ರುಕ್ಮಯ್ಯಣ್ಣನಿಗೆ ಆದದ್ದು ಇದೇ ಅಕ್ಕ. ಶ್ವಾಸಕೋಶಕ್ಕೆ ನೀರು ಹತ್ತಿದ್ರೆ ಮಂಗಳೂರು ತಲುಪುವಷ್ಟು ಸಮಯ ಸಿಗುದಿಲ್ಲ. ಇನ್ನೊಂದು ಸಲ ಹೀಗೆ ಬಂದ್ರೆ ನಾನು ಎಂತ ಹೇಳುದು?"

ರುಕ್ಮಯ್ಯನವರು ವಿಟ್ಲದ ಕಡೆಯ ಕೃಷಿಕರು, ಇವರ ಪಕ್ಕದ ಬೆಡ್ಡಿನವರು. ಹೊಸ ಕಿಡ್ನಿ ಸಿಕ್ಕಿದ ದಿನ ಮೊದಲು ಏನು ಕುಡಿಯುವುದು ಎಂದು ಇಬ್ಬರೂ ಗಂಟೆಗಟ್ಟಲೆ ಚರ್ಚೆ ಮಾಡುತ್ತಿದ್ದರು. ಅವರದ್ದು ಬೊಂಡದ ಎಳನೀರು, ಇವರದ್ದು ಶರಬತ್ತು. ಯಾರದೋ ಮದುವೆ ಊಟದಲ್ಲಿ ರುಕ್ಮಯ್ಯನವರು ಆಸೆ ತಡೆಯಲಾರದೆ ಮಜ್ಜಿಗೆ ಕುಡಿದರಂತೆ, ಮತ್ತೆ ಕುಡಿದರಂತೆ. ಮರುದಿನ ಉಸಿರು ಸಿಗದೆ ಆಸ್ಪತ್ರೆಯ ದಾರಿಯಲ್ಲಿ ಕಾರಿನಲ್ಲೇ ತೀರಿಹೋದರು. ಈಗ ಆ ಬೆಡ್ಡಿಗೆ ಬೇರೆ ಯಾರೋ ಬರುತ್ತಾರೆ, ಇವರು ಅತ್ತ ನೋಡುವುದಿಲ್ಲ.

ಮನೆಗೆ ಬರುವ ದಾರಿಯಿಡೀ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಅಳೆದು ಅಳೆದು ಕಲ್ಲಿನಂತಾದವಳಿಗೆ ಕರುಣೆಯ ಆರೋಪ ಬಂದರೆ ಎಲ್ಲಿಗೆ ಹೋಗಿ ಹೇಳಿಕೊಳ್ಳುವುದು? ತೂಕದ ಯಂತ್ರವೇ ಕೆಟ್ಟಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ.

ಮರುದಿನ ಮಧ್ಯಾಹ್ನ ನಿದ್ದೆಯಿಂದ ಎದ್ದು ಅಡುಗೆಕೋಣೆಗೆ ಹೋದರೆ ಐಸಿನ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗುತ್ತಿತ್ತು. ಇದು ಹೊಸತಲ್ಲ. ಉಪವಾಸ ಶುರುವಾದ ಮೇಲೆ ಹಲವು ಮಧ್ಯಾಹ್ನ ಹೀಗೆಯೇ ಆಗಿ, ಸಂಜೆಗೆ ತನ್ನಷ್ಟಕ್ಕೆ ಸರಿಯಾಗುತ್ತಿತ್ತು. ಆದರೆ ಆವತ್ತು ನನಗೆ ತಲೆ ಕೆಟ್ಟಿತ್ತು. ಒಂದಾದರೂ ನೆಟ್ಟಗಿರಬೇಕಲ್ಲ ಈ ಮನೆಯಲ್ಲಿ.

"ನೋಡಿ, ನಿಮ್ಮ ಅಳಿಯನ ಯಂತ್ರ ಪುನಃ ಕಣ್ಣು ಕೆಂಪು ಮಾಡಿದೆ" ಎಂದೆ.

ಚಾವಡಿಯ ಮಂಚದಲ್ಲಿ ಮಲಗಿದ್ದ ಇವರು ತಲೆ ಎತ್ತಲೂ ಇಲ್ಲ. "ಸೆನ್ಸರಿನದ್ದು ಇರ್ಬೇಕು. ಬಿಡು, ಸಂಜೆ ಸರಿ ಆಗ್ತದೆ."

"ಬಿಡುದಿಲ್ಲ. ಇವತ್ತು ಬಿಚ್ಚುವ. ನೀವು ಹೇಳಿ, ನಾನು ಮಾಡ್ತೇನೆ."

ಅವರೇ ಮಾಡುವಂತಿರಲಿಲ್ಲ. ಡಯಾಲಿಸಿಸಿನ ಸೂಜಿ ಚುಚ್ಚುವ ಎಡಗೈಯಲ್ಲಿ ಭಾರ ಎತ್ತಬಾರದು, ಬಲಗೈ ಈಗೀಗ ನಡುಗುತ್ತದೆ. ಅಡುಗೆಕೋಣೆಯ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದು ಕೂರಿಸಿದೆ. ಶಾರ್ಜಾದಿಂದ ತಂದ ಸ್ಕ್ರೂಡ್ರೈವರಿನ ಚೀಲ, ಹಳದಿ ಮೀಟರು, ಎಲ್ಲ ಕಪಾಟಿನಿಂದ ಇಳಿಸಿದೆ. ಚೀಲ ನೋಡಿದ ಕೂಡಲೇ ಅವರ ಬೆನ್ನು ಸ್ವಲ್ಪ ನೆಟ್ಟಗಾಯಿತು. ಇಷ್ಟು ವರ್ಷ ಅಲ್ಲಿ ಹೇಗಿದ್ದರು ಎಂಬುದನ್ನು ನಾನು ಆಗ ಮೊದಲ ಸಲ ಕಂಡೆ.

"ಸೆನ್ಸರ್ ಅಂದ್ರೆ ಎಂತ?" ಕೇಳಿದೆ.

"ಒಳಗೆ ಕಡಲೆಯಷ್ಟು ಸಣ್ಣ ಕಪ್ಪು ಗುಂಡು ಉಂಟು, ಎರಡು ವಯರಿನ ತುದಿಯಲ್ಲಿ. ಅದು ಎಷ್ಟು ತಣ್ಣಗಾಯ್ತು ಅಂತ ಬೋರ್ಡಿಗೆ ಹೇಳ್ತಾ ಇರ್ತದೆ. ಎಷ್ಟು ಹೊತ್ತಾದ್ರೂ ತಣ್ಣಗಾಗ್ಲಿಲ್ಲ ಅಂದ್ರೆ, ಈ ಸೆನ್ಸರ್ ಸುಳ್ಳು ಹೇಳ್ತದೆ ಅಂತ ಬೋರ್ಡು ದೀಪ ಹತ್ತಿಸ್ತದೆ."

"ಅದು ನಿಜ ಹೇಳಿದ್ರೂ?"

ಅವರು ನನ್ನನ್ನು ಒಮ್ಮೆ ನೋಡಿದರು. "ಬೋರ್ಡಿಗೆ ಅಷ್ಟು ಬುದ್ಧಿ ಇಲ್ಲ" ಎಂದರು.

ಮೊದಲು ಪ್ಲಗ್ ತೆಗೆದೆ. ಆಮೇಲೆ ಹಿಂಬದಿಯ ಜಾಲರಿ. ಗೋಡೆಗೆ ತಾಗಿ ಇಟ್ಟಿದ್ದರಿಂದ ಗಾಳಿ ಆಡದೆ ಹೀಗಾಗಿರಬಹುದು ಎಂದರು. ನಾನು ಪೆಟ್ಟಿಗೆಯನ್ನು ನಿಂತ ಹಾಗೆಯೇ ಮುಂದಕ್ಕೆ ಎಳೆದು, ಬಟ್ಟೆ ತೊಳೆಯುವ ಬ್ರಷ್ಷಿನಿಂದ ಧೂಳು ಉಜ್ಜಿದೆ. ಧೂಳು ಅಂಥದ್ದೇನೂ ಇರಲಿಲ್ಲ. ಕರೆಂಟಿನ ವೋಲ್ಟೇಜು ಕಡಿಮೆ ಇರಬಹುದು ಎಂದರು. ಮೀಟರಿನ ಎರಡು ಕಡ್ಡಿಗಳನ್ನು ಗೋಡೆಯ ಪ್ಲಗ್ ಪಾಯಿಂಟಿನ ತೂತಿಗೆ ತೂರಿಸಿದೆ, ಅದೂ ಸರಿಯಾಗಿತ್ತು. ಇರುವೆ ಗೂಡು ಕಟ್ಟಿರಬಹುದು ಎಂದರು. ಸ್ಕ್ರೂ ಒಂದೊಂದಾಗಿ ಬಿಚ್ಚಿ ಹಿಂದಿನ ತಗಡು ತೆಗೆದರೆ ಒಂದು ಇರುವೆಯೂ ಇಲ್ಲ. ನನ್ನ ಗಂಟಲು ಒಣಗಿ ಉಗುಳು ನುಂಗಲೂ ಆಗುತ್ತಿರಲಿಲ್ಲ. ಒಲೆಯ ಮೇಲೆ ಸಂಜೆಗೆಂದು ಕುದಿಸಿಟ್ಟ ದೊಡ್ಡ ಪಾತ್ರೆಯ ಜೀರಿಗೆ ನೀರಿನಿಂದ ಇನ್ನೂ ಆವಿ ಬರುತ್ತಿತ್ತು, ಆ ಸಣ್ಣ ಕೋಣೆಯಲ್ಲಿ ಬೆವರು ಕಣ್ಣಿಗೇ ಇಳಿಯುತ್ತಿತ್ತು.

"ಸಾಕು, ನಿಂಗೆ ನೋಂಬು. ನಾಳೆ ನೋಡುವ" ಎಂದರು.

"ಇಷ್ಟು ಬಿಚ್ಚಿ ಬಿಡುದಾ? ಮುಂದೆ ಹೇಳಿ."

"ಲೂಸ್ ಕಾಂಟ್ಯಾಕ್ಟು ಇರ್ಬೇಕು. ಒಮ್ಮೆ ಬಂದು ಒಮ್ಮೆ ಹೋಗ್ತದೆ ಅಂದ್ರೆ ಹೆಚ್ಚು ಅದೇ. ಬಿಳಿ ಸಾಕೆಟ್ ಕಾಣ್ತದಾ? ಅದನ್ನು ತೆಗೆದು ಹಾಕು."

ತೆಗೆದು ಹಾಕಿದೆ. ಅದು ಬಿಗಿಯಾಗಿಯೇ ಇತ್ತು. ಇನ್ನು ಉಳಿದದ್ದು ಸೆನ್ಸರಿನ ಪರೀಕ್ಷೆ. ಕಪ್ಪು ಗುಂಡನ್ನು ಅದರ ಕ್ಲಿಪ್ಪಿನಿಂದ ಹೊರಗೆ ಎಳೆದು, ಸಾಕೆಟ್ಟಿಗೆ ಮೀಟರು ಹಿಡಿಯಲು ಹೇಳಿದರು. ಏಳು ಚಿಲ್ಲರೆ ತೋರಿಸಿತು. ಫ್ರಿಜ್ಜಿನ ಮೀನು ವಾಸನೆಯ ಐಸನ್ನು ಬಟ್ಟಲಿಗೆ ಹಾಕಿ ನೀರು ಸುರಿದು ಗುಂಡನ್ನು ಅದರಲ್ಲಿ ಮುಳುಗಿಸಿದೆ. ಅದು ಕರೆಂಟಿಗಿರುವ ತಡೆಯ ಅಂಕಿ, ತಣ್ಣಗಾದಷ್ಟೂ ಮೇಲೆ ಹೋಗಬೇಕು ಎಂದಿದ್ದರು. ಹೋಯಿತು. ಹದಿನೈದು, ಇಪ್ಪತ್ತು, ಇಪ್ಪತ್ತೆಂಟು, ಮೂವತ್ತು ದಾಟಿ ನಿಂತಿತು.

"ಸೆನ್ಸರ್ ಸರಿ ಉಂಟಲ್ಲ?" ಎಂದೆ.

"ಉಂಟು" ಎಂದರು. ಅದನ್ನು ಹೇಳುವಾಗ ಅವರಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. "ಹಾಗಾದ್ರೆ ಬೋರ್ಡು ಹೋಗಿರ್ಬೇಕು. ಅದು ಇಲ್ಲಿ ಸಿಗುದಿಲ್ಲ. ಮುಚ್ಚಿಬಿಡು ಸಬೀಹಾ."

ಎಲ್ಲ ಇದ್ದಂತೆ ಸೇರಿಸಿ ಸ್ಕ್ರೂ ಬಿಗಿದೆ. ಪೆಟ್ಟಿಗೆಯನ್ನು ಎತ್ತಿ ಮೂಲೆಗೆ ಸೇರಿಸುವ ಮೊದಲು ತೊಟ್ಟಿಯ ನೀರು ಖಾಲಿ ಮಾಡೋಣವೆಂದು ಅಡಿಯ ರಬ್ಬರ್ ಬಿರಡೆಗೆ ಕೈ ಹಾಕಿದೆ.

"ಬೇಡ, ಅದು ಹಾಗೇ ಇರ್ಲಿ" ಎಂದರು ಗಡಿಬಿಡಿಯಲ್ಲಿ.

ನನಗೆ ಆಶ್ಚರ್ಯವಾಯಿತು. ನೀರಿರುವ ಯಂತ್ರಕ್ಕೆ ಸ್ಕ್ರೂಡ್ರೈವರ್ ತಾಗಿಸುವ ಮೊದಲು ನೀರು ತೆಗೆಯಬೇಕು ಎನ್ನುವುದು ಎಂಥ ಮೆಕ್ಯಾನಿಕ್ಕಿಗೂ ಗೊತ್ತಿರುವ ಸಂಗತಿ. ಇವರು ಅದನ್ನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ನಾನು ಬಿರಡೆ ಎಳೆದೆ. ಕೈಮೇಲೆ ಸುರಿದ ನೀರು ಉಗುರುಬೆಚ್ಚಗಿನದಕ್ಕಿಂತಲೂ ಬಿಸಿ ಇತ್ತು. ಪಾತ್ರೆಗೆ ಬಿದ್ದ ನೀರಿಗೆ ತೆಳು ಹಳದಿ ಬಣ್ಣ. ಮೂಗಿನ ಹತ್ತಿರ ಹಿಡಿಯುವುದೇ ಬೇಡ, ಜೀರಿಗೆಯ ಪರಿಮಳ ಕೋಣೆಯಿಡೀ ಬಂತು.

ತೊಟ್ಟಿಗೆ ನಾನು ಹಾಕುವುದು ಹಿಂದಿನ ದಿನವೇ ಕುದಿಸಿ ಆರಿಸಿದ ಬರೀ ನೀರು. ಅದರ ಕೊಡ ನಾನು ಮಲಗುವ ಕೋಣೆಯಲ್ಲೇ ಇರುತ್ತದೆ. ಜೀರಿಗೆ ನೀರು ಇದ್ದದ್ದು ಒಲೆಯ ಮೇಲಿನ ಪಾತ್ರೆಯಲ್ಲಿ ಮಾತ್ರ. ಅದರ ಮುಚ್ಚಳ ತೆಗೆದು ನೋಡಿದೆ. ನಾನು ಮಲಗಲು ಹೋಗುವಾಗ ಇದ್ದದ್ದಕ್ಕಿಂತ ನೀರು ಕೆಳಗಿತ್ತು.

ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವರು ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದರು. ನಾನು ಮಲಗಿದ ಮೇಲೆ ಬಂದು ತೊಟ್ಟಿಯ ತಣ್ಣೀರು ಮೊಗೆದು ಕುಡಿದು, ಕಡಿಮೆಯಾದದ್ದು ತಿಳಿಯದಿರಲೆಂದು ಕುದಿಸಿದ ನೀರು ತುಂಬಿಸಿ ಹೋಗಿ ಮಲಗಿದ್ದಾರೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು. ಕಾರಣ ಗೊತ್ತಿದ್ದೂ ನನ್ನ ಕೈಯಲ್ಲಿ ಇಡೀ ಯಂತ್ರ ಬಿಚ್ಚಿಸಿದರು. ಸರಿಯಾದ ಜಾಗ ಒಂದನ್ನು ಬಿಟ್ಟು ಉಳಿದೆಲ್ಲ ಜಾಗ ತೋರಿಸಿದರು.

"ಯಾವಾಗಿಂದ?" ಎಂದೆ.

ಅವರು ತಲೆ ತಗ್ಗಿಸಿದರು. "ನೋಂಬು ಸುರುವಾದ ಮೇಲೆ. ನೀನು ಮಲಗ್ತೀಯಲ್ಲ."

"ಎಷ್ಟು ಕುಡಿತೀರಿ?"

"ಅಳೆದು ಕುಡಿಲಿಕ್ಕೆ ಆಗ್ತಿದ್ರೆ ಕದ್ದು ಯಾಕೆ ಕುಡಿತಿದ್ದೆ?"

ನನ್ನ ಬಾಯಿಗೆ ಬಂದದ್ದು ತೀರ ಹುಚ್ಚು ಮಾತು. "ನಲ್ಲಿಯ ನೀರು ಹಾಕಬಹುದಿತ್ತಲ್ಲ. ತಣ್ಣಗಿರ್ತಿತ್ತು, ದೀಪವೂ ಹತ್ತುತ್ತಿರಲಿಲ್ಲ. ನಂಗೆ ಗೊತ್ತೂ ಆಗ್ತಿರಲಿಲ್ಲ."

"ಕುದಿಸದ ನೀರಾ?" ಅವರು ನಿಜವಾಗಿಯೂ ಗಾಬರಿಯಾಗಿ ತಲೆ ಎತ್ತಿದರು. "ಎಂತ ಹೇಳ್ತೀ ಮಾರಾಯ್ತಿ, ಕುದಿಸದ ನೀರು ಕುಡಿಲಿಕ್ಕೆ ಆಗ್ತದಾ? ಕಾಯಿಲೆ ಬರ್ತದೆ."

ನನಗೆ ನಗು ಬಂತು. ನಗುತ್ತ ನಗುತ್ತ ಅದು ಅಳುವಾಯಿತು. ಈ ಊರಿನಲ್ಲಿ ಹುಟ್ಟಿದವರ ತಲೆಗೆ ಹೆತ್ತ ಉಮ್ಮಂದಿರು ಮೊದಲು ತುಂಬುವುದೇ ಅದು, ನೀರು ಕುದಿಸದೆ ಕುಡಿಯಬೇಡ. ಸಾವನ್ನೂ ಕುದಿಸಿಯೇ ಕುಡಿಯುತ್ತಾರೆ.

ಅಳು ನಿಂತ ಮೇಲೆ ಸಿಟ್ಟು ಬಂತು. "ರುಕ್ಮಯ್ಯಣ್ಣ ಹೇಗೆ ಹೋದ್ರು ಅಂತ ಮರೆತೇಹೋಯ್ತಾ? ಆ ಹುಡುಗಿ ಎದುರು ನಾನು ಕಳ್ಳಿಯ ಹಾಗೆ ನಿಂತೆ ನಿನ್ನೆ. ನಂಗೆ ಸಾಕಾಗಿದೆ. ನಿಮ್ಮ ಚಾಕರಿ ಮಾಡಿ ಅಲ್ಲ, ನಿಮ್ಮ ಕಾವಲು ಕಾದು. ಮಲಗಿದ್ರೂ ಕಾಯ್ಬೇಕು ಅಂದ್ರೆ ನಾನು ಮನುಷ್ಯಳಲ್ವಾ? ಬಾಯಾರಿಕೆ ನಿಮಗೆ ಮಾತ್ರವಾ? ಬೆಳಿಗ್ಗೆಯಿಂದ ನಂಗೂ ಗಂಟಲು ಒಣಗಿದೆ. ನಾನು ತಡ್ಕೊಳ್ಳುದಿಲ್ವಾ?"

ಅವರು ಹಳದಿ ಮೀಟರನ್ನು ಎತ್ತಿಕೊಂಡು ಆಫ್ ಮಾಡಿದರು. ಆಮೇಲೆ ಜಗಳದ ದನಿಯಲ್ಲಿ ಅಲ್ಲ, ಯಂತ್ರದ ಸಂಗತಿ ವಿವರಿಸುವಂತೆಯೇ ಹೇಳಿದರು. "ನಿನ್ನ ಬಾಯಾರಿಕೆಗೆ ಬಾಂಗ್ ಉಂಟು ಸಬೀಹಾ. ಸಂಜೆ ಆಗ್ತದೆ, ಬಾಂಗ್ ಕೊಡ್ತಾರೆ, ನೀನು ಕುಡಿತಿ. ನಂದಕ್ಕೆ ಬಾಂಗ್ ಇಲ್ಲ. ಗುಟುಕು ಗುಟುಕು ಕುಡಿದ್ರೆ ಅದು ಕುಡಿದ ಹಾಗೆಯೇ ಆಗುದಿಲ್ಲ. ಗಂಟಲು ತುಂಬಾ ನೀರು ಇಳೀಬೇಕು ಒಮ್ಮೆ. ಅಷ್ಟಕ್ಕೇ ನಾನು ಬಂದದ್ದು. ಮತ್ತೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ."

ನಾನು ನೆಲದ ಮೇಲೆ, ಬಿಚ್ಚಿದ ಚೀಲದ ಪಕ್ಕ ಕೂತುಬಿಟ್ಟೆ. ಇಷ್ಟು ತಿಂಗಳು ನಾನು ಅವರ ನೀರಿನ ಪ್ರಮಾಣ ನೋಡಿದ್ದೆ. ಬಾಯಾರಿಕೆ ಹೇಗಿದೆ ಎಂದು ಒಂದು ದಿನವೂ ಕೇಳಿರಲಿಲ್ಲ, ಕೇಳಿದರೆ ಕೊಡಬೇಕಾದೀತೆಂಬ ಹೆದರಿಕೆಯಿಂದ.

ಸಂಜೆಗೆ ಮೊದಲಿನ ಅಸರ್ ನಮಾಜಿನ ಹೊತ್ತು ಮೀರುತ್ತಿತ್ತು. ಎದ್ದು ಮೋಕ್ಷಿತಾಳಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ. ಗುರುವಾರದವರೆಗೆ ಕಾಯಬೇಡಿ, ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬನ್ನಿ, ಎಲ್ಲಾದರೂ ಜಾಗ ಮಾಡುತ್ತೇನೆ, ಇವತ್ತು ಇನ್ನು ಒಂದು ಹನಿಯೂ ಬೇಡ, ಉಸಿರಿಗೆ ಕಷ್ಟವಾದರೆ ಕೂಡಲೇ ಹೊರಡಿ ಎಂದಳು. ನಾನು ಇನ್ನೊಂದು ಮಾತು ಕೇಳಿದೆ. ದಿನದ ನೀರನ್ನು ಚೂರುಚೂರು ಕೊಡುವ ಬದಲು ಒಂದು ಗ್ಲಾಸನ್ನು ಸಂಜೆಗೆಂದು ಉಳಿಸಿ ಒಟ್ಟಿಗೆ ಕೊಡಬಹುದೇ? ಲೆಕ್ಕ ಮೀರದಿದ್ದರೆ ಯಾವಾಗ ಕುಡಿದರೂ ನೀರು ನೀರೇ ಅಕ್ಕ, ಡಾಕ್ಟರಲ್ಲೂ ಒಮ್ಮೆ ಕೇಳುವ ಎಂದಳು.

ತೊಟ್ಟಿ ತೊಳೆದು, ಆರಿಸಿದ ನೀರು ಹಾಕಿ, ಸ್ವಿಚ್ ಒತ್ತಿದೆ. ಕೆಂಪು ದೀಪ ಬರಲಿಲ್ಲ. ಅವರಿಗೆ ಮೋಕ್ಷಿತಾ ಹೇಳಿದ್ದನ್ನು ಹೇಳಿದೆ. ನಾಳೆಯಿಂದ ನಿಮಗೂ ಬಾಂಗಿಗೆ ಒಂದು ತುಂಬಿದ ಗ್ಲಾಸು, ಇವತ್ತು ಮಾತ್ರ ಇಲ್ಲ ಎಂದೆ. ಅವರು ತಲೆಯಾಡಿಸಿದರು.

ಸೂರ್ಯ ಮುಳುಗುವ ಹೊತ್ತಿಗೆ ನಾನು ಎಂದಿನಂತೆ ಖರ್ಜೂರ, ಶರಬತ್ತು ತೆಗೆದುಕೊಂಡು ಹಿತ್ತಿಲ ಬಾಗಿಲ ಕಡೆ ಹೊರಟೆ. ಅವರು ಕಾಯಿಲೆ ಬಿದ್ದಂದಿನಿಂದ ನಾನು ಅವರೆದುರು ನೀರು ಕುಡಿದವಳಲ್ಲ. ಉಪವಾಸ ಬಿಡುವುದೂ ಅಲ್ಲಿಯೇ, ಮೆಟ್ಟಿಲ ಮೇಲೆ ಒಬ್ಬಳೇ.

"ಎಲ್ಲಿಗೆ ಹೋಗುದು? ಇಲ್ಲೇ ಕೂತ್ಕೋ" ಎಂದರು. ಮಂಚದಿಂದ ಎದ್ದು ಬಂದು ಮೇಜಿನ ಇನ್ನೊಂದು ಬದಿಗೆ ಕೂತರು. "ಐಸು ಆಗಿದ್ರೆ ನಿನ್ನ ಗ್ಲಾಸಿಗೆ ಹಾಕ್ಕೋ."

ಬುಟ್ಟಿಗೆ ಬಿದ್ದ ಐಸನ್ನೆಲ್ಲ ಶರಬತ್ತಿಗೆ ಹಾಕಿಕೊಂಡೆ. ಪಾಣೆಮಂಗಳೂರಿನ ಕಡೆಯಿಂದ ಬಾಂಗ್ ಕೇಳಿತು. ಖರ್ಜೂರ ಬಾಯಿಗಿಟ್ಟೆ. ಗ್ಲಾಸು ಎತ್ತಲು ಕೈ ಬರಲಿಲ್ಲ.

"ಕುಡಿ" ಎಂದರು.

ಕುಡಿದೆ. ಮಧ್ಯೆ ನಿಲ್ಲಿಸಲು ನನ್ನಿಂದಲೂ ಆಗಲಿಲ್ಲ. ಅವರು ನನ್ನ ಮುಖವನ್ನಲ್ಲ, ಗಂಟಲನ್ನು ನೋಡುತ್ತಿದ್ದರು. ಗ್ಲಾಸು ಕೆಳಗಿಟ್ಟಾಗ ಅವರೇ ಒಮ್ಮೆ ಉಗುಳು ನುಂಗಿಕೊಂಡರು.

"ತಣ್ಣಗೆ ಉಂಟಾ?" ಎಂದು ಕೇಳಿದರು.

"ಉಂಟು" ಎಂದೆ. "ತುಂಬಾ ತಣ್ಣಗೆ ಉಂಟು."